ಬಾಳೆಹಣ್ಣಿನ ಬ್ರೆಡ್ಡಿಗೆ 28 ಲೀಟರಿನ ಓಟಿಜಿ: ಬೆಳಗಾವಿಯ ಅಡುಗೆಮನೆಯಿಂದ ಒಂದು ವಿಮರ್ಶೆ

ಮನೆಬಳಕೆಯ ಓವನ್ನನ್ನು ಪಿಜ್ಜಾದಿಂದಲೋ ಬಿಸ್ಕತ್ತಿನಿಂದಲೋ ಅಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತೆಳ್ಳಗಿನ ಪದಾರ್ಥ ಯಾವ ಓವನ್ನಿನಲ್ಲಿಟ್ಟರೂ ಹತ್ತು ಹದಿನೈದು ನಿಮಿಷಗಳಲ್ಲಿ ಬೆಂದುಬಿಡುತ್ತದೆ. ಓವನ್ನಿನ ದೋಷ ಹೊರಬೀಳಲು ಅಷ್ಟು ಹೊತ್ತು ಸಾಲದು. ಬಾಳೆಹಣ್ಣಿನ ಬ್ರೆಡ್ ಹಾಗಲ್ಲ. ಅದರ ಹಿಟ್ಟು ಭಾರ, ತೇವವೂ ಹೆಚ್ಚು. ಟಿನ್ನಿನಲ್ಲಿ ಎರಡೂವರೆ ಮೂರು ಇಂಚು ಎತ್ತರಕ್ಕೆ ಏರುವ ಅದು ಸುಮಾರು ಒಂದು ಗಂಟೆ ಒಳಗಿರಬೇಕಾಗುತ್ತದೆ. ಹಣ್ಣಿನ ಸಕ್ಕರೆಯಿಂದಾಗಿ ಹೊರಮೈ ಬೇಗ ಕೆಂಪೇರುತ್ತದೆ, ನಡುಭಾಗಕ್ಕೆ ಮಾತ್ರ ಶಾಖ ನಿಧಾನವಾಗಿ ತಲುಪುತ್ತದೆ. ಶಾಖದ ಮೇಲೆ ಹಿಡಿತವಿಲ್ಲದ ಓವನ್ನಿನಿಂದ ಬರುವ ಬ್ರೆಡ್ಡಿನ ನೆತ್ತಿ ಕರಕಲಾಗಿ, ತಳ ಬಿಳಿಚಿಕೊಂಡು, ನಡುವೆ ಹಸಿ ಹಿಟ್ಟು ಉಳಿದಿರುತ್ತದೆ. ಆದ್ದರಿಂದ ನಮ್ಮ ಮನೆಗೆ ತಂದ 28 ಲೀಟರಿನ ಓಟಿಜಿಯನ್ನು (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ವಿದ್ಯುತ್ ಓವನ್) ನಾನು ತೂಗಿ ನೋಡಿರುವುದು ಇದೊಂದೇ ಕೆಲಸದ ಮೇಲೆ: ಸಂಜೆ ನಾಲ್ಕೂವರೆಯ ಹೊತ್ತಿಗೆ ಶಾಲೆಯಿಂದ ಹಸಿದು ಬರುವ ಮಕ್ಕಳಿಗೆ ಚೆನ್ನಾಗಿ ಬೆಂದ, ಆರಿದ, ಕತ್ತರಿಸಲು ಬರುವ ಬಾಳೆಹಣ್ಣಿನ ಬ್ರೆಡ್ಡನ್ನು ಅದು ನಂಬಿಕೆಯಿಂದ ಮಾಡಿಕೊಡುತ್ತದೆಯೇ?

ಕೊಡುತ್ತದೆ. ಆದರೆ ಅದರ ಸ್ವಭಾವವನ್ನು ಅರಿತು ನಡೆದುಕೊಂಡರೆ ಮಾತ್ರ.

ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಗಾತ್ರದ, ಸುಮಾರು ಐದರಿಂದ ಏಳು ಸಾವಿರ ರೂಪಾಯಿಯೊಳಗಿನ ಓಟಿಜಿಗಳ ಕಟ್ಟು ಬಹುಮಟ್ಟಿಗೆ ಒಂದೇ ಬಗೆಯದು: ಮೇಲೆ ಎರಡು ರಾಡು, ಕೆಳಗೆ ಎರಡು ರಾಡು, ಉಷ್ಣಾಂಶಕ್ಕೆ ಒಂದು ತಿರುಗುಗುಂಡಿ, ಯಾವ ರಾಡು ಉರಿಯಬೇಕೆಂದು ಆಯ್ದುಕೊಳ್ಳಲು ಇನ್ನೊಂದು, 60 ನಿಮಿಷಗಳ ಟೈಮರಿಗೆ ಮತ್ತೊಂದು, ಎದುರಿಗೆ ಗಾಜಿನ ಬಾಗಿಲು. ನಮ್ಮದು 1500 ವ್ಯಾಟಿನದು. ಒಳಗೆ ಗಾಳಿ ತಿರುಗಿಸುವ ಫ್ಯಾನ್ ಇದೆ, ಕೋಳಿಯನ್ನು ತಿರುಗಿಸಿ ಸುಡುವ ಸಲಾಕೆಯೂ ಪೆಟ್ಟಿಗೆಯಲ್ಲಿ ಬಂದಿತ್ತು. ಸಸ್ಯಾಹಾರಿ ಮನೆಯಲ್ಲಿ ಆ ಸಲಾಕೆಗೆ ಕೆಲಸವಿಲ್ಲ. ಅದಕ್ಕಾಗಿ ಹೆಚ್ಚಿನ ಹಣ ಕೊಡುವ ಅಗತ್ಯವೂ ಇಲ್ಲ.

ಓವನ್ ಯಾಕೆ ಬೇಕಾಯಿತು ಎಂಬುದನ್ನೂ ಹೇಳಬೇಕು. ಬೆಳಗಾವಿಯಲ್ಲಿ ಬೇಕರಿಗಳಿಗೆ ಕೊರತೆಯಿಲ್ಲ. ಕ್ಯಾಂಪ್ ಭಾಗದಿಂದ ಹಿಡಿದು ಶಹಾಪುರ, ವಡಗಾವಿಯ ಗಲ್ಲಿಗಳವರೆಗೆ ಖಾರಿ, ಟೋಸ್ಟು, ಕ್ರೀಮ್ ಬನ್ನು ಎಲ್ಲೆಡೆ ಸಿಗುತ್ತವೆ, ಮಕ್ಕಳಿಗೂ ಅವು ಇಷ್ಟ. ವಾರಕ್ಕೊಮ್ಮೆ ತಿಂದರೆ ನನಗೂ ಅಭ್ಯಂತರವಿಲ್ಲ. ದಿನದ ತಿನಿಸಾದಾಗ ಮಾತ್ರ ಮೈದಾ, ವನಸ್ಪತಿ, ಸಕ್ಕರೆ ಈ ಮೂರೂ ಎಷ್ಟೆಷ್ಟು ಹೊಟ್ಟೆಗೆ ಹೋದವು ಎಂಬ ಲೆಕ್ಕ ಕೈಗೆ ಸಿಗುವುದಿಲ್ಲ. ಮನೆಯಲ್ಲಿ ಮಾಡುವ ಬ್ರೆಡ್ಡಿಗೆ ನಾನು ಹಾಕುವುದು 120 ಗ್ರಾಂ ಬೆಲ್ಲ. ಹತ್ತು ಹೋಳು ಮಾಡಿದರೆ ಹೋಳಿಗೆ 12 ಗ್ರಾಂ ಆಯಿತು. ದಿನದ ಶಕ್ತಿಯಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 1600 ಕ್ಯಾಲೊರಿ ಉಣ್ಣುವ ಮಗುವಿಗೆ ಅದು 40 ಗ್ರಾಂ. ಬೆಲ್ಲವೂ ಈ ಲೆಕ್ಕದೊಳಗೇ ಬರುತ್ತದೆ. ಬೆಲ್ಲ ಹಾಕಿದ ಮಾತ್ರಕ್ಕೆ ತಿನಿಸು ಔಷಧವಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅಳತೆ ನನ್ನ ಕೈಯಲ್ಲಿದೆ ಎಂಬುದು ದೊಡ್ಡ ಸಮಾಧಾನ.

ಓವನ್ ಇಲ್ಲದೆ ಕುಕ್ಕರಿನಲ್ಲಿ ಮಾಡಬಾರದೇ ಎಂದು ಹಲವರು ಕೇಳುತ್ತಾರೆ. ತಳಕ್ಕೆ ಉಪ್ಪು ಇಲ್ಲವೇ ಮರಳು ಹಾಸಿ, ಸೀಟಿ ಮತ್ತು ರಬ್ಬರ್ ತೆಗೆದು, ಒಳಗೆ ಡಬ್ಬಿ ಇಟ್ಟು ಕೇಕು ಮಾಡುವ ಪದ್ಧತಿ ನಮ್ಮ ಕಡೆ ಹಳೆಯದು, ಹಗುರವಾದ ರವೆ ಕೇಕಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಬಾಳೆಹಣ್ಣಿನ ಬ್ರೆಡ್ಡಿಗೆ ಒದಗುವುದಿಲ್ಲ. ಕುಕ್ಕರಿನಲ್ಲಿ ಶಾಖ ತಳದಿಂದಲೇ ಬರುತ್ತದೆ. ಹಣ್ಣಿನಿಂದ ಏಳುವ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಬ್ರೆಡ್ಡಿನ ಮೇಲೆಯೇ ಬೀಳುತ್ತದೆ. ಮೇಲ್ಭಾಗ ಒಣಗಿ ಬಿರಿಯಬೇಕು, ಆ ಬಿರುಕಿನ ಅಂಚು ಗರಿಗರಿಯಾಗಬೇಕು. ಈ ಬ್ರೆಡ್ಡಿನ ಅರ್ಧ ಸೊಗಸು ಇರುವುದು ಅಲ್ಲಿ. ಬರಿಯ ಮೈಕ್ರೋವೇವಿನಲ್ಲಂತೂ ಕೆಂಪು ಹೊರಮೈ ಬರುವುದೇ ಇಲ್ಲ.

ಈಗ ಹಣ್ಣಿನ ಮಾತು. ಓವನ್ ಎಷ್ಟೇ ಒಳ್ಳೆಯದಿದ್ದರೂ ಹಣ್ಣು ಸರಿಯಿಲ್ಲದಿದ್ದರೆ ಫಲವಿಲ್ಲ. ಗಣಪತ ಗಲ್ಲಿಯ ಮಾರುಕಟ್ಟೆಯಲ್ಲಿ ಸಂಜೆಯ ಹೊತ್ತಿಗೆ ಹೋದರೆ ಸಿಪ್ಪೆ ಕಪ್ಪಿಟ್ಟ ಹಣ್ಣನ್ನು ವ್ಯಾಪಾರಿಗಳು ಬೇರೆ ಇಟ್ಟಿರುತ್ತಾರೆ. “ಇವು ನಾಳಿಕ್ಕ ಇರೂದಿಲ್ರಿ ಅಕ್ಕಾರ, ಕಮ್ಮಿ ಮಾಡಿ ಕೊಡ್ತೀನಿ, ತಗೊಂಡ ಹೋಗ್ರಿ” ಎಂದು ಅವರು ಕೊಡುವ ಆ ಹಣ್ಣೇ ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮವಾದದ್ದು. ಕಾಯಿಯಾಗಿದ್ದಾಗ ತಿರುಳಿನಲ್ಲಿ ಐದನೆಯ ಒಂದು ಭಾಗದಷ್ಟು ಪಿಷ್ಟವಿರುತ್ತದೆ. ಪೂರ್ತಿ ಮಾಗುವ ಹೊತ್ತಿಗೆ ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಕ್ಕರೆಯಾಗಿರುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳಿಲ್ಲದೆ ಎಲ್ಲೆಡೆ ಒಂದೇ ಸಮ ಹಳದಿಯಾಗಿದ್ದು, ಒಳಗೆ ಇನ್ನೂ ಗಟ್ಟಿಯಿರುವ ಹಣ್ಣಿನಿಂದ ಮಾಡಿದರೆ ಬ್ರೆಡ್ ಸಪ್ಪೆಯಾಗುತ್ತದೆ, ಬೆಲ್ಲ ಹೆಚ್ಚು ಹಾಕಬೇಕಾಗುತ್ತದೆ. ದೊಡ್ಡ ಪಚ್ಚಬಾಳೆಯಾದರೆ ಮೂರು ಸಾಕು. ಏಲಕ್ಕಿ ಬಾಳೆಯಾದರೆ ಆರೇಳು ಬೇಕು. ಎಣಿಕೆಗಿಂತ ತೂಕವನ್ನು ನಂಬುವುದು ಲೇಸು: ಸಿಪ್ಪೆ ಸುಲಿದ ತಿರುಳು 350 ಗ್ರಾಂ ಇರಬೇಕು. ಏಲಕ್ಕಿ ಬಾಳೆಯ ಸಣ್ಣ ಹುಳಿ ನನಗೆ ತುಂಬ ಹಿಡಿಸುತ್ತದೆ, ಆದರೆ ಮಕ್ಕಳು ಕೇಳುವುದು ಪಚ್ಚಬಾಳೆಯದನ್ನೇ.

ಯೀಸ್ಟ್ ಇಲ್ಲದ, ಸೋಡಾದ ಬಲದಿಂದ ಉಬ್ಬುವ ಈ ತಿನಿಸು ಅಮೆರಿಕದಲ್ಲಿ 1930ರ ದಶಕದಲ್ಲಿ ಮನೆಮಾತಾಯಿತು. ಅಲ್ಲಿಯ ಕ್ರಮದಲ್ಲಿ ಮೊಟ್ಟೆ ಇರುತ್ತದೆ. ನಮ್ಮಲ್ಲಿ ಮೊಟ್ಟೆ ನಡೆಯದ ಮನೆಗಳು ಬಹಳ, ನಮ್ಮದೂ ಅಂಥದೇ. ಹಾಗಾಗಿ ನಾನು 350 ಗ್ರಾಂ ತಿರುಳಿಗೆ 100 ಗ್ರಾಂ ಮೊಸರು, 80 ಗ್ರಾಂ ಎಣ್ಣೆ, 120 ಗ್ರಾಂ ಬೆಲ್ಲ, 200 ಗ್ರಾಂ ಗೋಧಿ ಹಿಟ್ಟು, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ ಪುಡಿ ಇಷ್ಟನ್ನು ಹಾಕುತ್ತೇನೆ. ಬೆಲ್ಲ ಮಹಾಲಿಂಗಪುರದ ಕಡೆಯದು. ಅದನ್ನು ಮೊಸರಿನಲ್ಲಿ ಕರಗಿಸಿ ಸೋಸಿಯೇ ಹಾಕಬೇಕು, ಇಲ್ಲವಾದರೆ ಹಲ್ಲಿಗೆ ಕಸ ಸಿಗುತ್ತದೆ. ವಿಜಯಪುರದ ಕಡೆಯ ಒಣದ್ರಾಕ್ಷಿ ಒಂದು ಹಿಡಿ ಸೇರಿದರೆ ಬೆಲ್ಲವನ್ನು ಇನ್ನೂ ಇಪ್ಪತ್ತು ಗ್ರಾಂ ಇಳಿಸಬಹುದು. ಗಿರಣಿಯಲ್ಲಿ ಬೀಸಿಸಿದ ಖಪ್ಲಿ ಗೋಧಿಯ ಹಿಟ್ಟಿನಿಂದಲೂ ಮಾಡಿ ನೋಡಿದ್ದೇನೆ. ರುಚಿ ಅದರದೇ ಮೇಲು, ಆದರೆ ಜಿಗುಟು ಕಡಿಮೆಯಿರುವುದರಿಂದ ಹೋಳು ಉದುರುತ್ತದೆ. ಅರ್ಧ ಖಪ್ಲಿ, ಅರ್ಧ ಸಾಮಾನ್ಯ ಗೋಧಿ ಬೆರೆಸಿದರೆ ಶಾಲೆಯ ಡಬ್ಬಿಯಲ್ಲಿಯೂ ಮುರಿಯದೆ ಉಳಿಯುತ್ತದೆ. ಎತ್ತರದ ಊರುಗಳಲ್ಲಿ ಸೋಡಾ ಕಡಿಮೆ ಮಾಡಬೇಕೆಂಬ ಸೂಚನೆ ಹಲವು ಪಾಕವಿಧಾನಗಳಲ್ಲಿರುತ್ತದೆ. ಅದು ಅನ್ವಯಿಸುವುದು 900 ಮೀಟರಿಗಿಂತ ಮೇಲಿನ ಊರುಗಳಿಗೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯವರು ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊಸರಿನ ಹುಳಿ ಸೋಡಾಕ್ಕೆ ತಾಗಿದ ಕ್ಷಣದಿಂದಲೇ ಗಾಳಿಗುಳ್ಳೆಗಳು ಏಳತೊಡಗುತ್ತವೆ, ಹಿಟ್ಟು ಹೊರಗೆ ಕಾಯುತ್ತ ಕೂತರೆ ಅವು ವ್ಯರ್ಥವಾಗುತ್ತವೆ. ಆದ್ದರಿಂದ ಹಿಟ್ಟು ಕಲಸುವುದಕ್ಕೆ ಮೊದಲೇ ಓವನ್ ಕಾದಿರಬೇಕು. ನಮ್ಮ ಓಟಿಜಿಯ ಕೈಪಿಡಿಯಲ್ಲಿ ಹತ್ತು ನಿಮಿಷ ಕಾಯಿಸಿ ಎಂದಿದೆ, ಅದು ಸಾಲುವುದಿಲ್ಲ. ಕೆಂಪು ದೀಪ ಆರಿದಾಗ ಒಳಗಿನ ಗಾಳಿ ಮಾತ್ರ ಬಿಸಿಯಾಗಿರುತ್ತದೆ. ತಗಡಿನ ಗೋಡೆಗಳು ಕಾಯಲು ಇನ್ನೂ ಐದಾರು ನಿಮಿಷ ಬೇಕು. ಆ ಹೊತ್ತಿಗೆ ಮುಂಚೆಯೇ ಬಾಗಿಲು ತೆರೆದು ಟಿನ್ ಇಟ್ಟರೆ ಶಾಖ ಒಮ್ಮೆಲೇ ಕುಸಿಯುತ್ತದೆ, ಮತ್ತೆ ಏರಲು ರಾಡುಗಳು ಎಡೆಬಿಡದೆ ಉರಿಯುತ್ತವೆ, ಆ ಉರಿಯ ಪೆಟ್ಟು ಬ್ರೆಡ್ಡಿನ ನೆತ್ತಿಗೆ ಬೀಳುತ್ತದೆ.

ಈ ಯಂತ್ರದ ಮುಖ್ಯ ಗುಣವೂ ಮುಖ್ಯ ದೋಷವೂ ಅದರ ಥರ್ಮೋಸ್ಟಾಟಿನಲ್ಲಿವೆ, ಅಂದರೆ ರಾಡುಗಳನ್ನು ಆಗಾಗ ಹೊತ್ತಿಸಿ ಆರಿಸಿ ಶಾಖವನ್ನು ಹಿಡಿತದಲ್ಲಿಡುವ ಭಾಗದಲ್ಲಿ. ಗುಂಡಿಯನ್ನು 180ಕ್ಕೆ ತಿರುಗಿಸಿಟ್ಟು ಒಳಗೆ ಓವನ್ ಥರ್ಮಾಮೀಟರ್ ಇಟ್ಟು ನೋಡಿದರೆ, ಮುಳ್ಳು 165ರಿಂದ 200 ಡಿಗ್ರಿಯ ನಡುವೆ ಏರಿ ಇಳಿಯುತ್ತಿರುತ್ತದೆ. ಈ ಬೆಲೆಯ ಓವನ್ನಿನಲ್ಲಿ ಇಂಥ ಏರಿಳಿತ ಸಹಜ, ಸರಾಸರಿಯೂ ಸರಿಯಾಗಿಯೇ ಬರುತ್ತದೆ. ತೊಂದರೆ ಇರುವುದು ಪ್ರತಿ ಸಲ ರಾಡು ಹೊತ್ತಿಕೊಂಡಾಗ ಅದರ ಕೆಂಡದಂಥ ಬಿಸಿ ನೇರವಾಗಿ ಬ್ರೆಡ್ಡಿನ ಮೇಲೆ ಬೀಳುವುದರಲ್ಲಿ. 28 ಲೀಟರಿನ ಗೂಡಿನಲ್ಲಿ ಎಲ್ಲಕ್ಕಿಂತ ಕೆಳಗಿನ ತಂತಿ ಜಾಲರಿಯ ಮೇಲೆ ಟಿನ್ ಇಟ್ಟರೆ ಉಬ್ಬಿದ ನೆತ್ತಿಗೂ ಮೇಲಿನ ರಾಡಿಗೂ ನಡುವೆ ಮೂರು ಇಂಚಿನಷ್ಟು ಜಾಗ ಉಳಿಯುತ್ತದೆ. ನೆರೆಮನೆಯ 16 ಲೀಟರಿನದರಲ್ಲಿ ಇದೇ ಟಿನ್ ಇಟ್ಟಾಗ ಒಂದು ಇಂಚೂ ಉಳಿಯಲಿಲ್ಲ. ಇಪ್ಪತ್ತು ನಿಮಿಷಕ್ಕೆ ನೆತ್ತಿ ಕಪ್ಪಾಗಿತ್ತು, ಒಳಗೆ ಹಿಟ್ಟು ಇನ್ನೂ ಹರಿಯುತ್ತಿತ್ತು. ಬರಿ ಬಿಸ್ಕತ್ತು ಮಾಡುವವರಿಗೆ ಸಣ್ಣ ಓವನ್ ಸಾಕಾಗಬಹುದು, ಬಾಳೆಹಣ್ಣಿನ ಬ್ರೆಡ್ಡಿಗಾಗಿ ಕೊಳ್ಳುವವರು 25 ಲೀಟರಿಗಿಂತ ಕೆಳಗೆ ಇಳಿಯಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಇಷ್ಟು ಜಾಗವಿದ್ದರೂ ಬೆಲ್ಲದ ಹಿಟ್ಟು ಬೇಗ ಕಪ್ಪಾಗುವ ಜಾತಿಯದು. ಮೂವತ್ತೈದು ನಿಮಿಷವಾದ ಮೇಲೆ, ಅಂದರೆ ಬ್ರೆಡ್ ಪೂರ್ತಿ ಉಬ್ಬಿ ಮೇಲ್ಮೈ ಗಟ್ಟಿಯಾದ ನಂತರ, ಟಿನ್ನಿನ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸುವುದು ಅವಶ್ಯ. ಹಾಳೆಯ ಅಂಚು ರಾಡಿಗೆ ತಾಗಬಾರದು, ಗಾಳಿಗೆ ಹಾರದಂತೆ ಟಿನ್ನಿನ ಅಂಚಿಗೆ ಮಡಿಚಿರಬೇಕು. ಅದೇ ಹೊತ್ತಿಗೆ ಟಿನ್ನನ್ನು ಹಿಂದುಮುಂದಾಗಿ ತಿರುಗಿಸಿಡುವುದೂ ಒಳ್ಳೆಯದು, ಏಕೆಂದರೆ ಬಾಗಿಲಿನ ಗಾಜಿನಿಂದ ಶಾಖ ಸೋರುವುದರಿಂದ ಹಿಂಬದಿ ಬೇಗ ಬೇಯುತ್ತದೆ. ಫ್ಯಾನನ್ನು ನಾನು ಹಾಕುವುದಿಲ್ಲ. ಅದರ ಗಾಳಿಗೆ ಮೇಲ್ಪದರ ಬೇಗ ಒಣಗಿ ಗಟ್ಟಿಯಾಗಿ, ಒಳಗಿನ ಹಿಟ್ಟು ಉಬ್ಬಲು ದಾರಿ ಸಿಗದೆ ಒಂದು ಪಕ್ಕಕ್ಕೆ ಬಿರಿದುಕೊಳ್ಳುತ್ತದೆ. ಜೊತೆಗೆ ಬಂದ ಕಪ್ಪು ಟ್ರೇಯ ಮೇಲೆ ಟಿನ್ ಇಡುವವರನ್ನು ನೋಡಿದ್ದೇನೆ. ಹಾಗೆ ಇಟ್ಟರೆ ಕೆಳಗಿನ ರಾಡಿನ ಶಾಖಕ್ಕೆ ಟ್ರೇ ಅಡ್ಡ ನಿಂತು ತಳ ಬೇಯುವುದಿಲ್ಲ. ಟಿನ್ ಕೂಡ ಹೊಳೆಯುವ ಅಲ್ಯೂಮಿನಿಯಂನದಾದರೆ ಒಳ್ಳೆಯದು, ಕಪ್ಪು ನಾನ್‌ಸ್ಟಿಕ್ ಟಿನ್ನು ಶಾಖವನ್ನು ಹೆಚ್ಚು ಹೀರಿಕೊಂಡು ಅಂಚನ್ನು ಸುಡುತ್ತದೆ.

ಬೆಂದಿದೆಯೇ ಎಂಬುದನ್ನು ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ, ಬೆಲ್ಲ ಕಣ್ಣನ್ನು ಮೋಸಗೊಳಿಸುತ್ತದೆ. ಐವತ್ತೈದನೆಯ ನಿಮಿಷಕ್ಕೆ ನಡುವೆ ಉದ್ದನೆಯ ಕಡ್ಡಿ ಚುಚ್ಚಿ, ಹಸಿ ಹಿಟ್ಟು ಅಂಟದೆ ಒಂದೆರಡು ತುಣುಕು ಮಾತ್ರ ಅಂಟಿ ಬಂದರೆ ಬೆಂದಿದೆ ಎಂದು ತಿಳಿಯಬೇಕು. ಈ ಓಟಿಜಿಯಲ್ಲಿ 175 ಡಿಗ್ರಿಗೆ ಐವತ್ತೈದರಿಂದ ಅರವತ್ತೈದು ನಿಮಿಷ ಹಿಡಿಯುತ್ತದೆ. ಟೈಮರ್ ಅರವತ್ತಕ್ಕೇ ನಿಲ್ಲುವುದರಿಂದ ಓವನ್ ಕಾಯಿಸುವುದನ್ನೂ ಸೇರಿಸಿ ಎರಡು ಸಲ ತಿರುಗಿಸಬೇಕಾಗುತ್ತದೆ. ಅದರ ಗಂಟೆಯ ಸದ್ದು ಹಿತ್ತಲಲ್ಲಿದ್ದರೂ ಕೇಳುವಷ್ಟು ಸ್ಪಷ್ಟವಾಗಿದೆ, ಹೊತ್ತು ಮುಗಿದೊಡನೆ ವಿದ್ಯುತ್ ತಾನಾಗಿಯೇ ಕಡಿಯುತ್ತದೆ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಇದನ್ನು ಗ್ಯಾಸ್ ಓವನ್ನಿಗಿಂತ ಮೇಲೆ ಇಡುತ್ತೇನೆ.

ಬಿಸಿ ಬ್ರೆಡ್ಡನ್ನು ಕತ್ತರಿಸಿದರೆ ಅದು ಮುದ್ದೆಯಾಗುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಆರಬೇಕು. ನಾಲ್ಕೂವರೆಗೆ ಮಕ್ಕಳು ಬರುವುದಾದರೆ ಎರಡೂಕಾಲಿಗೆ ಟಿನ್ ಒಳಗೆ ಹೋಗಿರಬೇಕು, ಅಂದರೆ ಎರಡಕ್ಕೆ ಮೊದಲೇ ಓವನ್ ಹಚ್ಚಬೇಕು. ಕೆಲಸಕ್ಕೆ ಹೋಗುವ ತಾಯಿ ತಂದೆಯರಿಗೆ ಇದು ಆಗದ ಮಾತು, ಅವರು ನಿರಾಶರಾಗಬೇಕಿಲ್ಲ. ಈ ಬ್ರೆಡ್ ಎರಡನೆಯ ದಿನವೇ ಹೆಚ್ಚು ರುಚಿ. ರಾತ್ರಿ ಮಾಡಿ, ಪೂರ್ತಿ ಆರಿಸಿ, ಮುಚ್ಚಿದ ಡಬ್ಬಿಯಲ್ಲಿಟ್ಟರೆ ಮರುದಿನ ಹೋಳು ಮೆತ್ತಗಾಗಿ ಬಾಳೆಹಣ್ಣಿನ ಘಮ ಇನ್ನಷ್ಟು ತೆರೆದುಕೊಂಡಿರುತ್ತದೆ. ಸಂಜೆ ಮನೆಯಲ್ಲಿರುವ ಅಜ್ಜಿ ಅದನ್ನು ಹಂಚಿನ ಮೇಲೆ ಬೆಣ್ಣೆ ಸವರಿ ಬೆಚ್ಚಗೆ ಮಾಡಿಕೊಟ್ಟರೆ ಸಾಕು. ಬೇಸಿಗೆಯಲ್ಲಿ ಎರಡು ದಿನ ಹೊರಗೆ ತಡೆಯುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಬೆಳಗಾವಿಯ ಮಳೆಗಾಲದಲ್ಲಿ ಗೋಡೆಯೇ ಬೆವರುವಾಗ ಬ್ರೆಡ್ಡಿಗೆ ಬೂಸ್ಟು ಬರಲು ಹೊತ್ತು ಬೇಡ. ಆಗ ಮರುದಿನವೇ ಹೋಳು ಮಾಡಿ ಫ್ರಿಜ್ಜಿನಲ್ಲಿಡಬೇಕು.

ವಿದ್ಯುತ್ತಿನ ವಿಷಯದಲ್ಲಿ ಎರಡು ಮಾತು. 1500 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಮಿಕ್ಸರಿಗೆ ಬಳಸುವ 6 ಆಂಪಿಯರ್ ಸಾಕೆಟ್ಟಿಗೂ ಎಕ್ಸ್‌ಟೆನ್ಶನ್ ಬೋರ್ಡಿಗೂ ಇದನ್ನು ಸಿಕ್ಕಿಸಬಾರದು. ಹಳೆಯ ವಾಡೆಗಳಲ್ಲಿ ವಾಸವಿರುವವರು ಮೊದಲು ಅಡುಗೆಮನೆಗೆ 16 ಆಂಪಿಯರಿನ ಪ್ರತ್ಯೇಕ ಸಾಲು ಎಳೆಸಿಕೊಂಡು, ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಿಕೊಂಡೇ ಇದನ್ನು ಕೊಳ್ಳಬೇಕು. ಥರ್ಮೋಸ್ಟಾಟ್ ಆಗಾಗ ರಾಡನ್ನು ಆರಿಸುವುದರಿಂದ ಒಂದು ಬ್ರೆಡ್ಡಿಗೆ ತಗಲುವುದು ಒಂದು, ಒಂದೂಕಾಲು ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೂ ಎಂಟು ರೂಪಾಯಿ ದಾಟುವುದಿಲ್ಲ. ನಡುವೆ ಕರೆಂಟು ಹೋದರೆ ಬಾಗಿಲು ತೆರೆಯದೇ ಇರುವುದೇ ಉಪಾಯ: ನಲವತ್ತು ನಿಮಿಷ ಕಳೆದಿದ್ದರೆ ಉಳಿದ ಶಾಖದಲ್ಲಿಯೇ ಬಹುಮಟ್ಟಿಗೆ ಬೆಂದುಕೊಳ್ಳುತ್ತದೆ, ಮೊದಲ ಇಪ್ಪತ್ತು ನಿಮಿಷದಲ್ಲೇ ಹೋದರೆ ಉಬ್ಬಿದ್ದು ಕುಸಿಯುತ್ತದೆ.

ಮಕ್ಕಳಿರುವ ಮನೆಯಲ್ಲಿ ಇದರ ದೊಡ್ಡ ಕೊರತೆ ಗಾಜಿನ ಬಾಗಿಲು. ಒಂದೇ ಪದರದ ಗಾಜು, ಒಳಗೆ ಬ್ರೆಡ್ ಉಬ್ಬುವುದನ್ನು ಹತ್ತಿರದಿಂದ ನೋಡಲು ಮಕ್ಕಳು ಮುಖ ತಂದೇ ತರುತ್ತಾರೆ, ಆ ಗಾಜು ಚರ್ಮ ಸುಡುವಷ್ಟು ಕಾದಿರುತ್ತದೆ. ಮೇಲಿನ ತಗಡೂ ಹಾಗೆಯೇ. ಎರಡು ಪದರದ ಗಾಜಿರುವ ಮಾದರಿ ಸಿಕ್ಕರೆ ಸಾವಿರ ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಾವು ಓವನ್ನನ್ನು ಕಟ್ಟೆಯ ಒಳಮೂಲೆಗೆ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಇಟ್ಟಿದ್ದೇವೆ. ಹಣ್ಣು ಕಿವುಚುವುದು, ಹಿಟ್ಟು ತೂಗುವುದು ಮಕ್ಕಳ ಪಾಲಿಗೆ, ಬಾಗಿಲು ತೆರೆಯುವುದು ದೊಡ್ಡವರ ಪಾಲಿಗೆ.

ಉಳಿದ ದೋಷಗಳು ಸಣ್ಣವು, ಆದರೂ ಬರೆಯಲೇಬೇಕು. ಉಷ್ಣಾಂಶದ ಗುಂಡಿಯ ಮೇಲೆ ಅಂಕಿಗಳ ನಡುವೆ ಗೆರೆಗಳಿಲ್ಲ, 175 ಎಲ್ಲಿದೆ ಎಂಬುದನ್ನು ಅಂದಾಜಿನಿಂದಲೇ ತಿಳಿಯಬೇಕು. ಥರ್ಮಾಮೀಟರ್ ನೋಡಿ ನಾನು ಅಲ್ಲೊಂದು ಗುರುತು ಹಾಕಿಕೊಂಡಿದ್ದೇನೆ. ತುಣುಕು ಬೀಳುವ ಕೆಳಗಿನ ತಟ್ಟೆ ತೆಳುವಾಗಿದ್ದು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು. ಬಾಗಿಲಿನ ಸ್ಪ್ರಿಂಗ್ ಸಡಿಲವಾದಾಗ ಕಂಪನಿಯ ಸೇವಾ ಕೇಂದ್ರಕ್ಕೆ ತಿಳಿಸಿದರೂ ಯಾರೂ ಬೇಗ ಬರಲಿಲ್ಲ, ಕೊನೆಗೆ ನಮ್ಮ ಗಲ್ಲಿಯ ಮಿಕ್ಸರ್ ರಿಪೇರಿಯವರೇ ಸರಿಮಾಡಿಕೊಟ್ಟರು. ರಾಡುಗಳ ವಿಷಯದಲ್ಲಿ ಮಾತ್ರ ಈವರೆಗೆ ದೂರಿಲ್ಲ.

ಕೊಳ್ಳಲು ಹೋಗುವವರು ತಮ್ಮ ಬ್ರೆಡ್ ಟಿನ್ನನ್ನು ಜೊತೆಯಲ್ಲಿ ಒಯ್ಯಬೇಕು. ಒಂಬತ್ತು ಇಂಚು ಉದ್ದ, ಐದು ಇಂಚು ಅಗಲದ ಟಿನ್ನನ್ನು ಅಂಗಡಿಯಲ್ಲಿಯೇ ಕೆಳಗಿನ ಜಾಲರಿಯ ಮೇಲಿಟ್ಟು, ಬಾಗಿಲು ಮುಚ್ಚಿ, ಸುತ್ತಲೂ ಎರಡು ಇಂಚು ಗಾಳಿಯಾಡುವಷ್ಟು ಜಾಗ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಡಬ್ಬದ ಮೇಲಿನ ಲೀಟರ್ ಲೆಕ್ಕ ಒಳಗಿನ ಆಕಾರವನ್ನು ಹೇಳುವುದಿಲ್ಲ. ಅಷ್ಟೇ ಲೀಟರಿನ ಎರಡು ಓವನ್ನುಗಳಲ್ಲಿ ಒಂದು ಅಗಲ ಹೆಚ್ಚಿದ್ದು ಎತ್ತರ ಕಡಿಮೆಯಿರಬಹುದು, ಈ ಬ್ರೆಡ್ಡಿಗೆ ಬೇಕಾದದ್ದು ಎತ್ತರ. ರಾಡು ಮತ್ತು ಥರ್ಮೋಸ್ಟಾಟ್ ಬೆಳಗಾವಿಯಲ್ಲಿಯೇ ಸಿಗುತ್ತವೆಯೇ ಅಥವಾ ಹುಬ್ಬಳ್ಳಿಯಿಂದಲೋ ಪುಣೆಯಿಂದಲೋ ತರಿಸಬೇಕೇ ಎಂದು ಹಣ ಕೊಡುವ ಮೊದಲೇ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.